ಮುದ್ರಕ ಸಂರಚನೆಯ ಹಂಚಿಕೆ

ಸ್ವರೂಪ

ಜಾಲಕ್ಕೆ ಸೇರಿದ ಮುದ್ರಕಗಳಿಗೆ ಬರುವ ಕೆಲಸಗಳನ್ನು ಸರದಿಯಲ್ಲಿಟ್ಟು ಕಳುಹಿಸುವ ಗಣಕಕ್ಕೆ ಮುದ್ರಣ ಸರ್ವರ್ ಎಂದು ಹೆಸರು. ಪ್ರತಿ ಮುದ್ರಕದ ಹೆಸರು, ಜಾಲವಿಳಾಸ, ಚಾಲಕ ತಂತ್ರಾಂಶ, ಕಾಗದದ ಅಳತೆ, ಬಳಕೆಯ ಅನುಮತಿ ಇವೆಲ್ಲ ಸೇರಿ ಅದರ ಸಂರಚನೆಯಾಗುತ್ತದೆ. ಹಲವು ಸರ್ವರ್‌ಗಳು ಒಂದೇ ಸಂರಚನೆಯನ್ನು ಪಾಲಿಸುವಂತೆ ಮಾಡುವುದೇ ಹಂಚಿಕೆ.

ಅಗತ್ಯ

ತಾಲ್ಲೂಕು ಕಚೇರಿಗಳನ್ನೇ ನೋಡಿ: ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ರಾಯಬಾಗ, ಅಥಣಿ ಹಳೆಯ ತಾಲ್ಲೂಕುಗಳು. 2018ರ ಸುಮಾರಿಗೆ ಚಿಕ್ಕೋಡಿಯಿಂದ ನಿಪ್ಪಾಣಿಯೂ ಅಥಣಿಯಿಂದ ಕಾಗವಾಡವೂ ಬೇರೆಯಾದವು. 2000ರ ಸುಮಾರಿಗೆ ಆರಂಭವಾದ ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಜಮೀನು ದಾಖಲೆಗಳು ಗಣಕಕ್ಕೇರಿ, ಕೈಬರಹದ ಪಹಣಿಯ ಜಾಗಕ್ಕೆ ಮುದ್ರಿತ ಪಹಣಿ ಬಂದಿತು. ಅಂದಿನಿಂದ ಮುದ್ರಕ ನಿಂತರೆ ಕೌಂಟರೇ ನಿಂತಂತೆ. ಈ ಐದು ಊರುಗಳ ಕಚೇರಿಗಳನ್ನು ಉದಾಹರಣೆಯಾಗಿಟ್ಟುಕೊಂಡರೆ ಹಂಚಿಕೆಯ ತೊಡಕುಗಳು ಸ್ಪಷ್ಟವಾಗುತ್ತವೆ.

ನಕಲಿನ ಅಪಾಯ

ಲಿನಕ್ಸ್ ಗಣಕಗಳಲ್ಲಿ ಮುದ್ರಣವನ್ನು ಸಾಮಾನ್ಯವಾಗಿ ನಿರ್ವಹಿಸುವುದು 1999ರಲ್ಲಿ ಬಿಡುಗಡೆಯಾದ ಕಪ್ಸ್ ತಂತ್ರಾಂಶ. ಅದಕ್ಕೆ ಸೇರಿಸಿದ ಮುದ್ರಕಗಳ ವಿವರಗಳು ‘ಪ್ರಿಂಟರ್ಸ್ ಡಾಟ್ ಕಾನ್ಫ್’ ಎಂಬ ಕಡತದಲ್ಲಿರುತ್ತವೆ. ಆ ಕಡತವನ್ನು ಎಲ್ಲೆಡೆ ನಕಲಿಸಿದರೆ ಕೆಲಸ ಮುಗಿಯಿತು ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಆದರೆ ಅದೇ ಕಡತದಲ್ಲಿ ಮುದ್ರಕದ ಆ ಹೊತ್ತಿನ ಸ್ಥಿತಿಯೂ ದಾಖಲಾಗಿರುತ್ತದೆ. ಅಥಣಿಯಲ್ಲಿ ದುರಸ್ತಿಗೆಂದು ತಡೆಹಿಡಿದ ಸರದಿ, ನಕಲಿನೊಂದಿಗೆ ಕಾಗವಾಡಕ್ಕೂ ತಡೆಯಾಗಿಯೇ ಹೋಗುತ್ತದೆ. ಜಾಲವಿಳಾಸವೂ ಅಲ್ಲೇ ಇರುವುದರಿಂದ, ಎರಡು ಕಚೇರಿಗಳ ಜಾಲ ಕೂಡಿಕೊಂಡಿದ್ದರೆ ಕಾಗವಾಡದಲ್ಲಿ ಕೇಳಿದ ಪ್ರತಿ ಅಥಣಿಯಲ್ಲಿ ಹೊರಬೀಳಬಹುದು. ರೈತ ಮಾತ್ರ ಕಾಗವಾಡದಲ್ಲೇ ಕಾಯುತ್ತಿರುತ್ತಾನೆ. ಇನ್ನು, ಕಪ್ಸ್ ಚಾಲನೆಯಲ್ಲಿರುವಾಗ ಕಡತವನ್ನು ತಿದ್ದಿದರೆ, ಅದು ತನ್ನ ಸ್ಮೃತಿಯಲ್ಲಿರುವುದನ್ನೇ ಮತ್ತೆ ಬರೆದು ತಿದ್ದುಪಡಿಯನ್ನು ಅಳಿಸಿಹಾಕಬಹುದು.

ವಿಧಾನ

ಮುದ್ರಕಗಳನ್ನು ಸೇರಿಸುವ ‘ಎಲ್‌ಪಿಅಡ್ಮಿನ್’ ಆದೇಶಗಳನ್ನು ಪಟ್ಟಿಯಾಗಿ ಬರೆದಿಟ್ಟು, ಪ್ರತಿ ಸರ್ವರ್‌ನಲ್ಲೂ ಚಲಾಯಿಸುವುದು ಕಡತವನ್ನು ನಕಲಿಸುವುದಕ್ಕಿಂತ ಮೇಲು. ಹೆಸರಿಡುವ ಕ್ರಮ, ಚಾಲಕ, ಕಾಗದದ ಅಳತೆ ಎಲ್ಲೆಡೆ ಸಮಾನ. ವಿಳಾಸ ಆಯಾ ಕಚೇರಿಯದು. ವಿಂಡೋಸ್ ಸರ್ವರ್‌ಗಳಲ್ಲಿ ‘ಪ್ರಿಂಟ್ ಮ್ಯಾನೇಜ್‌ಮೆಂಟ್’ ಮೂಲಕ ಸಂರಚನೆಯನ್ನು ರಫ್ತು, ಆಮದು ಮಾಡಬಹುದು. ಅಲ್ಲಿಯೂ ವಿಳಾಸಗಳನ್ನು ತಿದ್ದುವ ಕೆಲಸ ತಪ್ಪುವುದಿಲ್ಲ.

ಮುದ್ರಕಗಳನ್ನು ತಾನಾಗಿ ಪತ್ತೆಹಚ್ಚುವ ವ್ಯವಸ್ಥೆಯೂ ಇದೆ. ಸಾಮಾನ್ಯವಾಗಿ ಅದರ ವ್ಯಾಪ್ತಿ ಒಂದು ಸ್ಥಳೀಯ ಜಾಲಕ್ಕೆ ಸೀಮಿತ. ರಾಯಬಾಗದ ಮುದ್ರಕ ಚಿಕ್ಕೋಡಿಗೆ ಕಾಣಬೇಕಾದರೆ, ಚಿಕ್ಕೋಡಿಯ ಸರ್ವರ್ 631ನೇ ಪೋರ್ಟ್ ಮೂಲಕ ರಾಯಬಾಗದ ಸರ್ವರನ್ನು ಆಗಾಗ ವಿಚಾರಿಸುವಂತೆ ಹೊಂದಿಸಬೇಕಾಗುತ್ತದೆ.

ಲಿಪಿ

ಗಡಿಯ ನಿಪ್ಪಾಣಿಯಲ್ಲಿ ಕನ್ನಡದ ಜೊತೆಗೆ ಮರಾಠಿಯೂ ಬಳಕೆಯಲ್ಲಿದೆ. ಪಿಡಿಎಫ್ ಕಡತದೊಳಗೇ ಫಾಂಟ್ ಅಡಕವಾಗಿದ್ದರೆ ಚಿಂತೆಯಿಲ್ಲ. ಇಲ್ಲವಾದರೆ ಸರ್ವರ್‌ನಲ್ಲಿರುವ ಫಾಂಟನ್ನೇ ನೆಚ್ಚಬೇಕು. ಒಂದು ಕಡೆ ಒತ್ತಕ್ಷರ ಸರಿಯಾಗಿ ಮೂಡಿ, ಇನ್ನೊಂದು ಕಡೆ ಬರಿಯ ಚೌಕಗಳು ಬರಬಹುದು. ಫಾಂಟ್ ಮುದ್ರಕ ಸಂರಚನೆಯ ಕಡತಕ್ಕೆ ಸೇರುವುದಿಲ್ಲ. ಆದ್ದರಿಂದ ಆದೇಶಗಳ ಪಟ್ಟಿಯಲ್ಲಿ ಕನ್ನಡಕ್ಕೊಂದು, ಮರಾಠಿಯ ದೇವನಾಗರಿಗೊಂದು ಎಂದು ಫಾಂಟ್ ಸ್ಥಾಪಿಸುವ ಸಾಲನ್ನು ಬೇರೆಯಾಗಿಯೇ ಬರೆಯಬೇಕು.