ಒಂದೇ ಮಳೆಗಾಲದ ಟೂರ್ನಿ

ಮಹಿಳಾ ಕಬಡ್ಡಿಗೆ ಪ್ರೇಕ್ಷಕರಿಲ್ಲ, 2016ರಲ್ಲಿ ಒಮ್ಮೆ ಟೂರ್ನಿ ಮಾಡಿ ಕೈ ಸುಟ್ಟುಕೊಂಡದ್ದಾಯಿತಲ್ಲ ಎನ್ನುವ ಮಾತು ಈಗ ಕ್ರೀಡಾ ಚರ್ಚೆಗಳಲ್ಲಿ ಗಾದೆಯಂತೆ ಓಡಾಡುತ್ತಿದೆ. ಹಾಗೆನ್ನುವವರಲ್ಲಿ ಹೆಚ್ಚಿನವರಿಗೆ ಕಬಡ್ಡಿಯ ಪರಿಚಯವಾದದ್ದೇ 2014ರಲ್ಲಿ, ಟಿವಿಯ ಪ್ರೊ ಕಬಡ್ಡಿ ಲೀಗ್‌ನಲ್ಲಿ. ಮುಂಬಯಿಯ ಪರೇಲ್, ಲಾಲ್‌ಬಾಗ್, ಪ್ರಭಾದೇವಿಯ ಮೈದಾನಗಳಲ್ಲಿ ಅಂಕಪಟ್ಟಿ ಬರೆಯುತ್ತಲೇ ತಲೆ ನರೆಸಿಕೊಂಡ ನನಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ.

ಮೊದಲ ಘಟ್ಟವನ್ನು ಬೇಗ ಹೇಳಿ ಮುಗಿಸುತ್ತೇನೆ. ಮಹಿಳೆಯರ ರಾಷ್ಟ್ರೀಯ ಚಾಂಪಿಯನ್‌ಷಿಪ್ 1955ರಲ್ಲಿ ಕೋಲ್ಕತ್ತದಲ್ಲಿ ಶುರುವಾಯಿತು. ಊರಿಗೊಂದರಂತಿದ್ದ ನಿಯಮಗಳನ್ನು ಒಂದು ಹದಕ್ಕೆ ತಂದು ಆಟವನ್ನು ದೇಶವಿದೇಶಕ್ಕೆ ಒಯ್ದವರಲ್ಲಿ ಮಹಾರಾಷ್ಟ್ರದ ಬುವಾ ಸಾಳ್ವಿ ಮುಖ್ಯರು. ಪುರುಷರ ಕಬಡ್ಡಿ 1990ರಲ್ಲೇ ಬೀಜಿಂಗ್ ಏಷ್ಯನ್ ಗೇಮ್ಸ್ ಸೇರಿತು. ಮಹಿಳೆಯರು ಅದೇ ಬಾಗಿಲಲ್ಲಿ ಇನ್ನೂ 20 ವರ್ಷ ಕಾದರು. ಈ 20 ವರ್ಷಗಳ ಬಗ್ಗೆ ಕಬಡ್ಡಿ ಲೇಖನಗಳಲ್ಲಿ ಒಂದು ಸಾಲೂ ಸಿಗುವುದಿಲ್ಲ. ನಮ್ಮ ಕಾಲವೆಂದರೆ ಅದೇ. ಅದರ ಬೇರು ಇನ್ನೂ ಹಿಂದೆ, ಗಿರಣಿಗಳ ಮುಂಬಯಿಯಲ್ಲಿದೆ.

1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಬಟ್ಟೆ ಗಿರಣಿಗಳ ಮುಷ್ಕರ ಶುರುವಾದಾಗ ಎರಡೂವರೆ ಲಕ್ಷದಷ್ಟು ಕಾರ್ಮಿಕರು ಹೊರಬಂದರು. ಪರೇಲ್ ಸುತ್ತಲಿನ ಗಿರಣಿಗಳ ಪ್ರದೇಶ ಗಿರಣಗಾಂವ್ ಅಲ್ಲಿಂದಾಚೆ ಚೇತರಿಸಿಕೊಳ್ಳಲಿಲ್ಲ. ಚಾಳಿನ ಅಪ್ಪಂದಿರ ಸಂಬಳ ನಿಂತ ಮೇಲೆ ಮಗಳ ಕಬಡ್ಡಿಗೆ ಹೊಸ ಬೆಲೆ ಬಂತು. ಚೆನ್ನಾಗಿ ಆಡಿದರೆ ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ಕ್ರೀಡಾ ಕೋಟಾದ ನೌಕರಿ ಸಿಗುವ ಸಾಧ್ಯತೆ ಇತ್ತು. ಸಂಜೆ ನಲ್ಲಿ ನೀರು ಹಿಡಿದಿಟ್ಟು, ತಮ್ಮಂದಿರಿಗೆ ಊಟ ಬಡಿಸಿ ಹುಡುಗಿಯರು ಮೈದಾನಕ್ಕೆ ಬರುತ್ತಿದ್ದರು. ಮ್ಯಾಟ್ ಇನ್ನೂ ಬಂದಿರಲಿಲ್ಲ, ಆಡುವುದೆಲ್ಲ ಮಣ್ಣಿನಲ್ಲೇ. ಮೊಣಕಾಲಿನ ಗಾಯ ಒಣಗುವ ಮೊದಲೇ ಮುಂದಿನ ಪಂದ್ಯ. ಗೆದ್ದವರಿಗೆ ಸ್ಟೀಲ್ ಪಾತ್ರೆ, ಟ್ರಾವೆಲ್ ಬ್ಯಾಗು. ಪರೇಲ್‌ನ ಡಾ. ಶಿರೋಡ್ಕರ್ ಸ್ಪೋರ್ಟ್ಸ್ ಕ್ಲಬ್, ಶಿವಶಕ್ತಿ ಮಹಿಳಾ ಸಂಘದಂಥ ತಂಡಗಳು ಆಡುವಾಗ ಹಗ್ಗ ಕಟ್ಟಿದ ಗೆರೆಯ ಹೊರಗೆ ನಿಲ್ಲಲೂ ಜಾಗ ಇರುತ್ತಿರಲಿಲ್ಲ. ನಮ್ಮ ಉಡುಪಿ ಹೋಟೆಲುಗಳ ಹುಡುಗರು ರಜೆ ಸಿಕ್ಕರೆ ಅಲ್ಲಿಗೇ ಓಡುತ್ತಿದ್ದರು. ಪ್ರೇಕ್ಷಕರಿಲ್ಲ ಎನ್ನುವವರು ಅಂಥದೊಂದು ಸಂಜೆ ಅಲ್ಲಿರಬೇಕಿತ್ತು.

ಆಟವಾದರೂ ಎಂಥದು! ಮಹಿಳೆಯರ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಪುರುಷರದು 13 ಮತ್ತು 10. ಎದುರಾಳಿಯ ಅರ್ಧದಲ್ಲಿ ಏಳು ಮಂದಿ ನಿಂತರೆಂದರೆ ರೈಡರ್‌ಗೆ ತಿರುಗಲು ತಾವಿರುವುದಿಲ್ಲ. ಬೋನಸ್ ಗೆರೆಗೆ ಕಾಲು ಚಾಚಿದರೆ ಕಾರ್ನರ್‌ನವಳು ಪಾದದ ಹಿಂಬದಿಗೇ ಬಂದಿರುತ್ತಾಳೆ. ಆದ್ದರಿಂದಲೇ ಮಹಿಳೆಯರ ಕಬಡ್ಡಿಯಲ್ಲಿ ಮೈಬಲದ ದಬ್ಬಾಟಕ್ಕಿಂತ ಕಾಲಿನ ಲೆಕ್ಕಾಚಾರ ಹೆಚ್ಚು. ನನ್ನ ಮಟ್ಟಿಗೆ ನೋಡಲು ಅದೇ ಚೆಂದ.

ಇಂಥ ಮಣ್ಣಿನ ಮೈದಾನಗಳಿಂದಲೇ ಎದ್ದದ್ದು 2010ರ ನಂತರದ ಪೀಳಿಗೆ. ಮುಂಚೂಣಿಯಲ್ಲಿ ಕರ್ನಾಟಕದ ನಮ್ಮವರಿಬ್ಬರಿದ್ದರು ಎಂಬುದನ್ನು ಹೆಮ್ಮೆಯಿಂದಲೇ ಬರೆಯುತ್ತೇನೆ. ಒಬ್ಬರು ತೇಜಸ್ವಿನಿ ಬಾಯಿ, ಇನ್ನೊಬ್ಬರು ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ. 2010ರಲ್ಲಿ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ. 2012ರಲ್ಲಿ ಪಟ್ನಾದಲ್ಲಿ ಮಮತಾ ನಾಯಕತ್ವದ ತಂಡ ಇರಾನನ್ನು 25-19ರಿಂದ ಸೋಲಿಸಿ ವಿಶ್ವಕಪ್ ಎತ್ತಿತು. 2014ರಲ್ಲಿ ಇಂಚಿಯಾನ್‌ನಲ್ಲಿ ತೇಜಸ್ವಿನಿ ನಾಯಕಿ, ಮತ್ತೆ ಚಿನ್ನ. ಇಬ್ಬರಿಗೂ ಅರ್ಜುನ ಪ್ರಶಸ್ತಿ ಬಂತು. ಇಬ್ಬರೂ ರೈಲ್ವೆಯ ಅನ್ನ ತಿಂದವರು.

ಇಷ್ಟೆಲ್ಲ ಆದ ಮೇಲೆ 2016ರ ಜೂನ್-ಜುಲೈನಲ್ಲಿ ‘ವಿಮೆನ್ಸ್ ಕಬಡ್ಡಿ ಚಾಲೆಂಜ್’ ಬಂತು. ತಂಡಗಳು ಮೂರೇ: ಮಮತಾ ನಾಯಕಿಯಾಗಿದ್ದ ಫೈರ್ ಬರ್ಡ್ಸ್, ತೇಜಸ್ವಿನಿಯ ಸ್ಟಾರ್ಮ್ ಕ್ವೀನ್ಸ್, ಮುಂಬಯಿಯ ಅಭಿಲಾಷಾ ಮ್ಹಾತ್ರೆಯ ಐಸ್ ದಿವಾಸ್. ಪ್ರೊ ಕಬಡ್ಡಿಯ ನಾಲ್ಕನೇ ಆವೃತ್ತಿ ಊರೂರು ಸುತ್ತುವಾಗ ಇವರದು ಅದರ ಬೆನ್ನಿಗೆ ಕಟ್ಟಿದ ಗಂಟು. ಜುಲೈ 31ರಂದು ಹೈದರಾಬಾದಿನಲ್ಲಿ ಪುರುಷರ ಫೈನಲ್ ದಿನವೇ ಮಹಿಳೆಯರದೂ ಮುಗಿಯಿತು. ಸ್ಟಾರ್ಮ್ ಕ್ವೀನ್ಸ್ ಚಾಂಪಿಯನ್ ಆಯಿತು. ಅಷ್ಟೇ, ಎರಡನೇ ಆವೃತ್ತಿ ಬರಲಿಲ್ಲ. ಮರುವರ್ಷ ಪುರುಷರ ಲೀಗ್ 8 ತಂಡಗಳಿಂದ 12ಕ್ಕೆ ಬೆಳೆಯಿತು.

ಇದನ್ನು ಪ್ರೇಕ್ಷಕರ ಪರೀಕ್ಷೆ ಎನ್ನುವುದಾದರೂ ಹೇಗೆ? ಪಟ್ನಾ, ಜೈಪುರ, ಬೆಂಗಳೂರು ಎಂದು ಊರಿನ ಹೆಸರು ಹೊತ್ತ ಪುರುಷರ ತಂಡಗಳಿಗೆ ಊರಿನವರು ಕೂಗಿದರು. ಬೆಂಕಿ, ಬಿರುಗಾಳಿ, ಮಂಜುಗಡ್ಡೆಗೆ ಯಾವ ಊರಿನವರು ಕೂಗಬೇಕಿತ್ತು? ಪಂದ್ಯ ತೋರಿಸಿದ ಸ್ಟಾರ್ ಸಂಸ್ಥೆಯ ಕಚೇರಿ ಆಗ ಇದ್ದದ್ದು ಲೋವರ್ ಪರೇಲ್‌ನಲ್ಲೇ, ಹಳೆಯ ಗಿರಣಿಗಳ ಆವರಣಗಳು ಮಾಲ್‌ಗಳಾಗಿ ಬದಲಾದ ಪ್ರದೇಶದಲ್ಲಿ. ಅಲ್ಲಿಂದ ನಡೆದು ಹೋಗುವಷ್ಟು ದೂರದ ಕ್ಲಬ್ಬುಗಳಿಗೆ ದಶಕಗಳ ಹೆಸರೂ ಅಭಿಮಾನಿಗಳೂ ಇದ್ದರು.

ಒಂದೇ ವರ್ಷಕ್ಕೆ ಟೂರ್ನಿ ನಿಂತುಹೋಗುವುದು ಬಡ ಆಟಗಳಲ್ಲಿ ಮಾತ್ರ ಎಂದುಕೊಳ್ಳಬೇಡಿ. ಅದೇ 2016ರ ನವೆಂಬರಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ದೋಹಾದಲ್ಲಿ ಕತಾರ್ ಲೇಡೀಸ್ ಓಪನ್ ಗೆದ್ದರು. ಲೇಡೀಸ್ ಯುರೋಪಿಯನ್ ಟೂರ್‌ನ ಆ ಗಾಲ್ಫ್ ಟೂರ್ನಿ ನಡೆದದ್ದೂ ಅದೊಂದೇ ವರ್ಷ. ಕಿರೀಟ ಉಳಿಸಿಕೊಳ್ಳಲು ಹೋಗೋಣವೆಂದರೆ ಟೂರ್ನಿಯೇ ಇಲ್ಲ. ಆದರೂ ಮಹಿಳಾ ಗಾಲ್ಫ್‌ಗೆ ಜನ ಇಲ್ಲವೆಂದು ಯಾರೂ ಷರಾ ಬರೆಯಲಿಲ್ಲ. ಅವರಿಗೆ ಮುಂದಿನ ವಾರ ಇನ್ನೊಂದು ಮೈದಾನ ಇರುತ್ತದೆ. ಕಬಡ್ಡಿಯವರಿಗೆ ಇರಲಿಲ್ಲ.

ಆ ಟೂರ್ನಿ ನಿಂತ ಎರಡು ವರ್ಷಕ್ಕೆ, 2018ರ ಏಷ್ಯನ್ ಗೇಮ್ಸ್ ಮಹಿಳಾ ಕಬಡ್ಡಿ ಫೈನಲ್‌ನಲ್ಲಿ ಭಾರತ ಇರಾನ್‌ಗೆ 24-27ರಿಂದ ಸೋತಿತು. ಇರಾನಿನ ಕೋಚ್ ನಾಸಿಕದ ಶೈಲಜಾ ಜೈನ್. ಇಲ್ಲಿಯ ಅನುಭವವನ್ನು ನಾವು ಬಳಸಿಕೊಳ್ಳಲಿಲ್ಲ, ಟೆಹರಾನ್ ಬಳಸಿಕೊಂಡಿತು. 2023ರಲ್ಲಿ ಹಾಂಗ್‌ಝೌನಲ್ಲಿ ಚೈನೀಸ್ ತೈಪೆ ವಿರುದ್ಧ 26-25ರಿಂದ ಚಿನ್ನ ಮರಳಿತು, ಅದು ಆ ಕ್ರೀಡಾಕೂಟದಲ್ಲಿ ಭಾರತದ 100ನೇ ಪದಕ. ಪತ್ರಿಕೆಗಳು ಆ 100ನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿದವು, ಆಡಿದವರ ಹೆಸರುಗಳು ಸಣ್ಣ ಅಕ್ಷರದಲ್ಲಿ ಬಂದವು.

ಪ್ರೊ ಕಬಡ್ಡಿಯ ಪ್ರತಿ ರೇಡ್‌ನ ಅಂಕಿಅಂಶ ಇಂದು ಬೆರಳ ತುದಿಯಲ್ಲಿದೆ. ಎಂಬತ್ತು-ತೊಂಬತ್ತರ ದಶಕದ ಪರೇಲ್‌ನ ಹುಡುಗಿಯರ ಅಂಕಪಟ್ಟಿಗಳು ನಮ್ಮಂಥವರ ಟ್ರಂಕುಗಳಲ್ಲಿವೆ, ಕೇಳಿಕೊಂಡು ಬಂದವರಿಲ್ಲ. ಮಹಿಳಾ ಲೀಗ್ ಮತ್ತೆ ಶುರುವಾಗಲಿ ಎಂಬ ಮಾತೆದ್ದಾಗಲೆಲ್ಲ ಜೆರ್ಸಿಯ ಬಣ್ಣ, ಹಾಡು, ತಾರೆಯ ಮಾಲೀಕತ್ವದ ಚರ್ಚೆ ಮೊದಲು ಬರುತ್ತದೆ. ತಂಡ ಯಾವ ಊರಿನದು, ಲೀಗ್ ಇಲ್ಲದ ಹತ್ತು ತಿಂಗಳು ಅದು ಎಲ್ಲಿ ಅಭ್ಯಾಸ ಮಾಡಬೇಕು, ಯಾರ ಸಂಬಳದಲ್ಲಿ ಎಂದು ಕೇಳಿದರೆ ಸಭೆ ಚಹಾಕ್ಕೆ ಏಳುತ್ತದೆ.