ದಂಡಿನ ಸಿಪಾಯಿಯ ಸಂಸಾರ

ಮದ್ರಾಸು ಸೈನ್ಯದ ಒಬ್ಬ ಪರಯ ಕ್ರೈಸ್ತ ಸಿಪಾಯಿಯನ್ನು ಹತ್ತೊಂಬತ್ತನೇ ಶತಮಾನದ ದಾಖಲೆಗಳಲ್ಲಿ ಹುಡುಕಬೇಕಾದರೆ ಎರಡು ಬಗೆಯ ಪುಸ್ತಕ ತೆರೆಯಬೇಕು. ಒಂದು ಪಲ್ಟನ್ನಿನ ಪಟ್ಟಿ. ಅಲ್ಲಿ ಅವನ ಊರು, ವಯಸ್ಸು, ಎತ್ತರ, ಜಾತಿ. ಇನ್ನೊಂದು ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರು. ಅಲ್ಲಿ ಮಗುವಿನ ಹೆಸರು, ತಾಯಿ ತಂದೆಯರ ಹೆಸರು, ತಂದೆಯ ಕಸುಬು. ಮೊದಲನೆಯದು ಅವನನ್ನು ಮೈಕಟ್ಟಾಗಿ ಅಳೆದು ಬರೆದುಕೊಳ್ಳುತ್ತದೆ. ಎರಡನೆಯದರಲ್ಲಿ ಅವನು ಒಂದು ಕೂಸಿನ ಅಪ್ಪ. ಸೈನ್ಯದ ಚರಿತ್ರೆ ಬರೆದವರು ಮೊದಲನೆಯದನ್ನು ಮಾತ್ರ ಓದಿದರು. ಮಿಷನ್ನಿನ ಚರಿತ್ರೆ ಬರೆದವರು ಎರಡನೆಯದನ್ನು ಓದಿ ಆತ್ಮಗಳ ಲೆಕ್ಕ ಹಾಕಿದರು. ಇವೆರಡನ್ನೂ ಒಟ್ಟಿಗಿಟ್ಟು ಓದುವ ಕೆಲಸ ದಲಿತ ವಿಮರ್ಶೆಯದು. ಅದನ್ನು ನಾವೂ ಸರಿಯಾಗಿ ಮಾಡಿಲ್ಲ ಅಂತಲೇ ನನ್ನ ತಕರಾರು.

ನಮ್ಮಲ್ಲಿ ಸೈನಿಕನ ಮಾತು ಬಂದರೆ ಕೋರೆಗಾಂವ್ ಬರುತ್ತದೆ. 1818ರ ಜನವರಿ 1ರ ಆ ಕಾಳಗ, ಕಂಬದ ಮೇಲಿನ ಮಹಾರ್ ಹೆಸರುಗಳು, 1927ರಲ್ಲಿ ಬಾಬಾಸಾಹೇಬರು ಅಲ್ಲಿಗೆ ಹೋಗಿ ನಿಂತದ್ದು, ಇವೆಲ್ಲ ನಮ್ಮ ನೆನಪಿನ ಆಸ್ತಿ. ಅದನ್ನು ಯಾರೂ ಕಿತ್ತುಕೊಳ್ಳಬೇಕಾಗಿಲ್ಲ. ಆದರೆ ಶೌರ್ಯವನ್ನೇ ಘನತೆಯ ಅಳತೆಗೋಲು ಮಾಡಿಕೊಂಡರೆ ನಾವು ಕ್ಷತ್ರಿಯನ ಬಾಗಿಲಲ್ಲೇ ಹೋಗಿ ನಿಂತ ಹಾಗಾಗುತ್ತದೆ. ಇನ್ನೊಂದು ಕಡೆ ರಾಷ್ಟ್ರೀಯವಾದಿಗಳ ಹಳೇ ಬೈಗುಳ ಇದ್ದೇ ಇದೆ: ಬಿಳಿಯರ ಕೂಲಿ ಸೈನಿಕರು, ಅನ್ನಕ್ಕಾಗಿ ಮತ ಬಿಟ್ಟವರು. ಹೊಗಳಿಕೆ, ಬೈಗುಳ ಎರಡರಲ್ಲೂ ಸಿಪಾಯಿ ಒಂಟಿ ಗಂಡಸು. ಅವನ ಹಿಂದೆ ಎತ್ತಿನ ಗಾಡಿಯಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಬರುತ್ತಿದ್ದ ಹೆಂಡತಿ ಎರಡರಲ್ಲೂ ಇಲ್ಲ.

ಆ ಗಾಡಿ ಕಲ್ಪನೆಯಲ್ಲ. ಬಂಗಾಳ ಸೈನ್ಯದ ಮೇಲುಜಾತಿ ಸಿಪಾಯಿ ಸಂಸಾರವನ್ನು ಅವಧ್‌ನ ಹಳ್ಳಿಯಲ್ಲಿ ಬಿಟ್ಟು ಬರುತ್ತಿದ್ದ. ಅಲ್ಲಿ ಅವನಿಗೆ ಹೊಲವಿತ್ತು, ಮನೆಯಿತ್ತು, ಹಿರಿಯರಿದ್ದರು. ಮದ್ರಾಸು ಸಿಪಾಯಿ ಸಂಸಾರವನ್ನು ಪಲ್ಟನ್ನಿನ ಜತೆಗೇ ಕರಕೊಂಡು ಹೋಗುತ್ತಿದ್ದ. ಬ್ರಿಟಿಷ್ ಅಧಿಕಾರಿಗಳು ಇದನ್ನು ದಕ್ಷಿಣದವರ ಒಂದು ಅಭ್ಯಾಸ ಎಂಬಂತೆ ಬರೆದರು. ಪರಯನ ಮಟ್ಟಿಗೆ ಅದು ಬರೀ ಅಭ್ಯಾಸವೆ? ಊರಿನಲ್ಲಿ ಬಿಟ್ಟು ಬರಲು ಅವನಿಗೆ ಊರೆಲ್ಲಿತ್ತು? ಇದ್ದದ್ದು ಚೇರಿ, ಜಮೀನುದಾರನ ಆಳುತನ. ಹೆಂಡತಿಯನ್ನು ಅಲ್ಲಿ ಬಿಡುವುದೆಂದರೆ ಅದೇ ಜಮೀನುದಾರನ ಕೈಗೆ ಒಪ್ಪಿಸಿ ಬಂದ ಹಾಗೆ. ಹಾಗಾಗಿ ಪಲ್ಟನ್ನಿನ ಲೈನೇ ಅವನ ಊರಾಯಿತು. ಕವಾಯತು ಮುಗಿಸಿ ಬಂದರೆ ಅಲ್ಲೇ ಒಲೆ, ಅಲ್ಲೇ ತೊಟ್ಟಿಲು. ಸಿಪಾಯಿಗಳ ಗಂಡುಮಕ್ಕಳನ್ನು ‘ರಿಕ್ರೂಟ್ ಬಾಯ್ಸ್’ ಅಂತ ಸಣ್ಣ ಸಂಬಳದ ಮೇಲೆ ಪಟ್ಟಿಗೆ ಸೇರಿಸಿಕೊಳ್ಳುವ ಪದ್ಧತಿಯೂ ಇತ್ತು. ಅಪ್ಪ ಸತ್ತರೆ ಒಲೆ ಆರದಿರಲಿ ಎಂಬ ಲೆಕ್ಕ ಅದರಲ್ಲಿತ್ತು, ಮುಂದಿನ ಸಿಪಾಯಿ ಅಗ್ಗದಲ್ಲಿ ಸಿಗಲಿ ಎಂಬ ಲೆಕ್ಕವೂ ಇತ್ತು. ಕಂಪನಿ ಸರಕಾರ ಧರ್ಮಕ್ಕೆ ಏನನ್ನೂ ಕೊಟ್ಟಿದ್ದಿಲ್ಲ.

ಗಂಡ ಸಮುದ್ರ ದಾಟಿದಾಗ ಮಾತ್ರ ಸಂಸಾರ ಹಿಂದೆ ಉಳಿಯುತ್ತಿತ್ತು. 1824ರಲ್ಲಿ ಮೊದಲ ಬರ್ಮಾ ಯುದ್ಧ ಶುರುವಾಯಿತು. ಆ ವರ್ಷ ನವೆಂಬರಿನಲ್ಲಿ ಬಾರಕ್‌ಪುರದ ಬಂಗಾಳ ಸಿಪಾಯಿಗಳು ಬರ್ಮಾಕ್ಕೆ ಹೊರಡಲೊಲ್ಲದೆ ದಂಗೆಯೆದ್ದರು. ಸಾಮಾನು ಸಾಗಿಸುವ ಎತ್ತುಗಳಿಲ್ಲ, ಜೊತೆಗೆ ಸಮುದ್ರ ದಾಟಿದರೆ ಜಾತಿ ಹೋದೀತೆಂಬ ದಿಗಿಲು. ಅವರ ಮೇಲೆ ತೋಪು ಹಾರಿತು. ಮದ್ರಾಸಿನ ಪಲ್ಟನ್ನುಗಳು ಹಡಗು ಹತ್ತಿ ರಂಗೂನಿಗೆ ಹೋದವು. ಇದನ್ನು ಇತಿಹಾಸಕಾರರು ಮದ್ರಾಸಿಗಳ ವಿಧೇಯತೆ ಅನ್ನುತ್ತಾರೆ. ಜಾತಿಯೇ ಇಲ್ಲದವನಿಗೆ ಕಳಕೊಳ್ಳುವ ಜಾತಿ ಎಲ್ಲಿಂದ ಬರಬೇಕು? ಅವನು ಕಳಕೊಳ್ಳುವುದಿದ್ದರೆ ಸಂಸಾರವನ್ನು. ಸಂಬಳದ ಒಂದು ಪಾಲು ಹಿಂದೆ ಉಳಿದ ಹೆಂಡತಿಗೋ ತಾಯಿಗೋ ಬಟವಾಡೆಯಾಗುವಂತೆ ಬರೆಸಿಟ್ಟು ಹೋಗುವ ವ್ಯವಸ್ಥೆ ಮದ್ರಾಸಿನಲ್ಲಿತ್ತು. ಸಮುದ್ರ ದಾಟಿದ ಧೈರ್ಯದ ಹಿಂದೆ ಆ ಒಂದು ತುಂಡು ಕಾಗದವೂ ಇದೆ.

ಇನ್ನು ನಂಬಿಕೆಯ ಮಾತು. 1806ರ ಜುಲೈ 10ರ ವೆಲ್ಲೂರು ದಂಗೆಯ ಕಾರಣ ಎಲ್ಲರಿಗೂ ಗೊತ್ತು: ಹೊಸ ನಮೂನೆಯ ಪೇಟ, ಅದರಲ್ಲಿ ಚರ್ಮದ ತುರಾಯಿ, ಹಣೆಯ ನಾಮ ವಿಭೂತಿ ಅಳಿಸಬೇಕು, ಕಿವಿಯ ಒಂಟಿ ತೆಗೆಯಬೇಕು, ಗಡ್ಡ ಬೋಳಿಸಬೇಕು. ತಮ್ಮನ್ನು ಕ್ರೈಸ್ತರನ್ನಾಗಿ ಮಾಡುವ ಹುನ್ನಾರ ಇದು ಅಂತ ಸುದ್ದಿ ಹಬ್ಬಿತು. ನೂರಕ್ಕೂ ಹೆಚ್ಚು ಬಿಳಿಯ ಸೈನಿಕರು ಸತ್ತರು. ಪ್ರತೀಕಾರದಲ್ಲಿ ಸಿಪಾಯಿಗಳು ನೂರಾರು ಲೆಕ್ಕದಲ್ಲಿ ಸತ್ತರು. ಗವರ್ನರ್ ಬೆಂಟಿಂಕನನ್ನೂ ಸೇನಾಪತಿ ಕ್ರಾಡಕ್‌ನನ್ನೂ ವಾಪಸು ಕರೆಸಿಕೊಂಡರು. (ಚರ್ಮ ಮುಟ್ಟಿದರೆ ಮೈಲಿಗೆ ಎಂಬ ಈ ಕಥನವನ್ನು ಓದುವಾಗಲೆಲ್ಲ, ಆ ತುರಾಯಿಯ ತೊಗಲು ಹದ ಮಾಡಿದವನ ಹೆಸರು ಯಾವ ವರದಿಯಲ್ಲಿ ಬರಬೇಕಿತ್ತು ಅನ್ನಿಸುತ್ತದೆ.) ಅಂದಿನಿಂದ ಸಿಪಾಯಿಯ ಧರ್ಮವೆಂದರೆ ಮೇಲುಜಾತಿಯ ಆಚಾರ, ಅದನ್ನು ಕೆಣಕಬಾರದು ಎಂಬ ಪಾಠವನ್ನು ಕಂಪನಿ ಬಾಯಿಪಾಠ ಮಾಡಿಕೊಂಡಿತು.

ಅದು ಎಷ್ಟು ಗಟ್ಟಿಯಾಗಿತ್ತೆಂದರೆ, 1819ರಲ್ಲಿ ಮೀರತ್ತಿನಲ್ಲಿ ಪ್ರಭು ದಿನ್ ಎಂಬ ಬ್ರಾಹ್ಮಣ ನಾಯಕ್ ದೀಕ್ಷಾಸ್ನಾನ ಪಡೆದಾಗ ಕ್ರೈಸ್ತ ಸರಕಾರವೇ ಅವನನ್ನು ಪಲ್ಟನ್ನಿನಿಂದ ಹೊರಗಿಟ್ಟಿತು. ಮಿಷನ್ ಸಾಹಿತ್ಯದಲ್ಲಿ ಆತ ಹುತಾತ್ಮನಂತೆ ಮತ್ತೆ ಮತ್ತೆ ಬರುತ್ತಾನೆ. ಆಗ ಮದ್ರಾಸು ಸೈನ್ಯದಲ್ಲಿ ಪರಯ ಕ್ರೈಸ್ತರು ಸಾಲಿನಲ್ಲಿ ನಿಂತು ಕವಾಯತು ಮಾಡುತ್ತಲೇ ಇದ್ದರು. ಅವರು ಕ್ರೈಸ್ತರಾದದ್ದಕ್ಕೆ ಯಾರೂ ವಿಚಾರಣೆ ನಡೆಸಲಿಲ್ಲ. ಇದನ್ನು ಸಹಿಷ್ಣುತೆ ಅನ್ನೋಣವೆ? ಬ್ರಾಹ್ಮಣನ ಆತ್ಮಸಾಕ್ಷಿ ಸರಕಾರದ ಕಡತವಾಗುತ್ತದೆ, ಪರಯನದು ಆಗುವುದಿಲ್ಲ. ಅಷ್ಟೆ.

ಈ ಪ್ರಶ್ನೆ ಹಳೆಯದಾಗಿಲ್ಲ. ರೆಜಿಮೆಂಟಿನ ಪೂಜೆಯಲ್ಲಿ ಗರ್ಭಗುಡಿಯ ಒಳಗೆ ಬರಲಾರೆ, ಹೊರಗೆ ಅಂಗಳದಲ್ಲಿ ನಿಲ್ಲುತ್ತೇನೆ ಎಂದ ಕ್ರೈಸ್ತ ಲೆಫ್ಟಿನೆಂಟ್ ಒಬ್ಬನನ್ನು 2021ರಲ್ಲಿ ಭಾರತೀಯ ಸೇನೆ ವಜಾ ಮಾಡಿತು. ಅದನ್ನು 2025ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟೂ ನವೆಂಬರಿನಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿದವು. ಶಿಸ್ತಿನ ವಾದ ಏನೇ ಇರಲಿ, ಗರ್ಭಗುಡಿಗೆ ಬರಬೇಡ ಎಂಬ ಆಜ್ಞೆಯನ್ನೇ ತಲೆತಲಾಂತರದಿಂದ ಕೇಳಿಸಿಕೊಂಡವರಿಗೆ ‘ಬಾ’ ಎಂಬ ಆಜ್ಞೆಯೂ ವಿಚಿತ್ರವಾಗಿಯೇ ಕೇಳಿಸುತ್ತದೆ.

ಹಾಗಾದರೆ ಚರ್ಚು ಅವನನ್ನು ಕೈಹಿಡಿಯಿತೆ? ತರಂಗಂಬಾಡಿಯ ಲೂಥರನ್ ಸಭೆಯಲ್ಲಿ ಶೂದ್ರ ಕ್ರೈಸ್ತರಿಗೆ ಒಂದು ಕಡೆ, ಪರಯ ಕ್ರೈಸ್ತರಿಗೆ ಇನ್ನೊಂದು ಕಡೆ. ತಂಜಾವೂರು, ವೆಪೇರಿಗಳಲ್ಲೂ ಅದೇ. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯಲ್ಲಿ ಜಾತಿ ನಡೆಯಕೂಡದು ಅಂತ ಪತ್ರ ಬರೆದಾಗ ಈ ಎರಡೂ ಊರುಗಳಲ್ಲಿ ಮೇಲುಜಾತಿ ಕ್ರೈಸ್ತರು ಸಭೆಯಿಂದ ಎದ್ದು ಹೋದರು. ಪಲ್ಟನ್ನಿನಲ್ಲಿ ವೆಲ್ಲಾಳನ ಭುಜಕ್ಕೆ ಭುಜ ಕೊಟ್ಟು ನಿಂತವನು ಭಾನುವಾರ ಅವನ ಪಕ್ಕ ಮೊಣಕಾಲೂರುವಂತಿಲ್ಲ. ಬಂದೂಕು ಕೊಟ್ಟ ಸಮಾನತೆಯನ್ನು ಬೈಬಲ್ಲು ಕೊಡಲಿಲ್ಲ ಅಂತ ಬರೆದುಬಿಡುವುದು ಸುಲಭ. ಆದರೆ ಮಗುವಿಗೆ ಒಂದು ಹೆಸರು ಕೊಟ್ಟು, ಅದರ ತಾಯಿಯ ಹೆಸರನ್ನೂ ಜತೆಗೆ ಬರೆದಿಟ್ಟದ್ದು ಆ ಚರ್ಚೇ. ಚೇರಿಯ ಹೆಂಗಸಿನ ಹೆಸರನ್ನು ಅದಕ್ಕೆ ಮುಂಚೆ ಯಾವ ಕಾಗದ ಬರೆದುಕೊಂಡಿತ್ತು?

ಈಗ ನಮ್ಮ ಬೆಂಗಳೂರಿಗೆ ಬರೋಣ. ಟಿಪ್ಪು ಬಿದ್ದ ಹತ್ತು ವರ್ಷಕ್ಕೆ, 1809ರಲ್ಲಿ, ಇಲ್ಲಿ ದಂಡು ಬಂತು. 1780ರಲ್ಲಿ ಹುಟ್ಟಿದ ಮದ್ರಾಸು ಪಯೋನಿಯರ್ ದಳ 1831ರಲ್ಲಿ ‘ಸ್ಯಾಪರ್ಸ್ ಅಂಡ್ ಮೈನರ್ಸ್’ ಆಗಿ ಮುಂದೆ ಇಲ್ಲೇ ನೆಲೆಯೂರಿತು. ಇವತ್ತಿಗೂ ಹಲಸೂರು ಕೆರೆಯ ಬದಿಗೆ ಅದರ ಕೇಂದ್ರವಿದೆ. ಈ ದಳಕ್ಕೆ ಪರಯರೂ ದೇಶೀ ಕ್ರೈಸ್ತರೂ ದೊಡ್ಡ ಸಂಖ್ಯೆಯಲ್ಲಿ ಸೇರಿದರು. ಯಾಕೆ? ಅಲ್ಲಿ ಬಂದೂಕಿನಷ್ಟೇ ಗುದ್ದಲಿ, ಹಾರೆ, ಪಿಕಾಸಿಗಳ ಕೆಲಸ. ಕಂದಕ ತೋಡಬೇಕು, ದಾರಿ ಕಡಿಯಬೇಕು, ಸೇತುವೆ ಕಟ್ಟಬೇಕು. ಮಣ್ಣು ಹೊರುವುದು ಕೀಳು ಅಂದುಕೊಂಡವರಿಗೆ ಒಗ್ಗದ ಕೆಲಸ. ಚೇರಿಯಲ್ಲಿ ಬಿಟ್ಟಿಯಾಗಿ ಮಾಡುತ್ತಿದ್ದ ಅದೇ ಅಗೆತ ಇಲ್ಲಿ ತರಬೇತಿಯಾಯಿತು, ಸಂಬಳವಾಯಿತು, ಪಿಂಚಣಿಯಾಯಿತು.

1876ರಲ್ಲಿ ದಳಕ್ಕೆ ‘ಕ್ವೀನ್ಸ್ ಓನ್’ ಎಂಬ ಬಿರುದು ಸಿಕ್ಕಿತು. ‘ಕ್ವೀನ್ಸ್ ಸ್ಯಾಪರ್ಸ್’ ಬಾಯಿಂದ ಬಾಯಿಗೆ ಸವೆದು ‘ಕ್ವಿನ್‌ಸ್ಯಾಪ್’ ಆಯಿತು. ಜಾತಿ ಯಾವುದು ಅಂದರೆ ಪರಯ ಅನ್ನದೆ ‘ಕ್ವಿನ್‌ಸ್ಯಾಪ್’ ಅನ್ನುವಷ್ಟು ಅದು ಬೆಳೆಯಿತು. ಬ್ರಿಟಿಷ್ ಬರಹಗಾರರು ಇದನ್ನು ತಮಾಷೆಯ ಸಂಗತಿಯಾಗಿ ಹೇಳುತ್ತಾರೆ. ನನಗಿದು ತಮಾಷೆಯಾಗಿ ಕಾಣೋದಿಲ್ಲ. ಜಾತಿಯಿಂದ ಪಾರಾಗಲು ಹೊರಟವನಿಗೂ ಈ ದೇಶದಲ್ಲಿ ನಿಲ್ಲೋದಕ್ಕೆ ಇನ್ನೊಂದು ಜಾತಿಯ ಹೆಸರೇ ಬೇಕಾಯಿತು. ಮಗಳಿಗೆ ಗಂಡು ನೋಡಬೇಕಾದ ಅಪ್ಪನಿಗೆ ಅದರ ಬೆಲೆ ಗೊತ್ತು. ಅದು ಕವಾಯತು ಮೈದಾನದ ಹೆಸರಾಗಿ ಉಳಿಯದೆ ಸಂಸಾರದ ಹೆಸರಾಯಿತು.

ಕನ್ನಡದ ದಲಿತ ಬರವಣಿಗೆಗೆ ಹೊಲಗೇರಿ ಗೊತ್ತು, ಹಟ್ಟಿ ಗೊತ್ತು. ದಂಡು ಗೊತ್ತಿಲ್ಲ. ಅಲ್ಲಿನವರು ತಮಿಳು ಆಡುತ್ತಾರೆ, ಚರ್ಚಿಗೆ ಹೋಗುತ್ತಾರೆ ಅನ್ನುವ ಎರಡು ಕಾರಣಕ್ಕೆ ನಮ್ಮ ಚರಿತ್ರೆಯಿಂದ ಅವರನ್ನು ಬಿಟ್ಟುಬಿಟ್ಟೆವೆ? ಭಾಷೆಯ ಗಡಿಯನ್ನು ಜಾತಿ ಯಾವತ್ತೂ ಲೆಕ್ಕಕ್ಕಿಟ್ಟಿಲ್ಲ.

ಬಾಗಿಲು ಮುಚ್ಚಿದ್ದು ಶತಮಾನದ ಕೊನೆಗೆ. 1881ರಿಂದ 85ರವರೆಗೆ ಮದ್ರಾಸಿನ ಸೇನಾಪತಿಯಾಗಿದ್ದ ರಾಬರ್ಟ್ಸ್ ಮುಂದೆ ಇಡೀ ಭಾರತದ ಸೇನಾಪತಿಯಾದ. ದಕ್ಷಿಣದವರಲ್ಲಿ ಕಾದಾಡುವ ಕಸುವು ಉಳಿದಿಲ್ಲ ಎಂಬುದು ಅವನ ತೀರ್ಮಾನ. ‘ಕ್ಷಾತ್ರ ಜನಾಂಗ’ಗಳ ಸಿದ್ಧಾಂತ ಮನುವಿಗೆ ಕೆಂಪು ಕೋಟು ತೊಡಿಸಿತು. 1890ರ ದಶಕದಲ್ಲಿ ಮಹಾರರ ನೇಮಕ ನಿಂತಿತು. ನಿವೃತ್ತ ಸೈನಿಕ ಗೋಪಾಲಬಾಬಾ ವಲಂಗ್‌ಕರ್ ಅದರ ವಿರುದ್ಧ ಮನವಿ ಬರೆದರು. ಮದ್ರಾಸಿನ ಪದಾತಿದಳಗಳು ಒಂದೊಂದಾಗಿ ಕರಗಿ 1928ಕ್ಕೆ ಹಳೇ ಮದ್ರಾಸು ರೆಜಿಮೆಂಟೇ ಇಲ್ಲವಾಯಿತು. ಗುದ್ದಲಿಯ ದಳ ಮಾತ್ರ ಉಳಿಯಿತು. ಎರಡನೇ ಮಹಾಯುದ್ಧಕ್ಕೆ ಜನ ಬೇಕಾದಾಗ, 1941ರಲ್ಲಿ ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದರು.

ನೇಮಕ ನಿಂತಾಗ ಹೋದದ್ದೇನು? ಬಂದೂಕು ಅಂತ ನಾವು ಹೇಳುತ್ತೇವೆ. ಹೋದದ್ದು ಶಾಲೆ. ಅಂಬೇಡ್ಕರ್ 1891ರಲ್ಲಿ ಹುಟ್ಟಿದ್ದು ಮಹೂವಿನ ದಂಡಿನಲ್ಲಿ. ತಂದೆ ಸುಬೇದಾರ್ ರಾಮಜಿ ಸೈನ್ಯದ ಶಾಲೆಯ ಮೇಷ್ಟ್ರು, ನಂಬಿಕೆಯಲ್ಲಿ ಕಬೀರಪಂಥಿ. ಸಿಪಾಯಿಗಳ ಹೆಣ್ಣುಮಕ್ಕಳೂ ಅಕ್ಷರ ಕಲಿಯುತ್ತಿದ್ದ ಆ ಲೋಕದ ಬಗ್ಗೆ ಬಾಬಾಸಾಹೇಬರೇ ಬರೆದಿದ್ದಾರೆ. ರಾಮಜಿ ಕ್ರೈಸ್ತನಲ್ಲ, ಬೆಂಗಳೂರಿನ ಸ್ಯಾಪರ್ ಕಬೀರಪಂಥಿಯಲ್ಲ. ಆದರೆ ಬೆಳಿಗ್ಗೆ ಕವಾಯತು, ಸಂಜೆ ದೇವರ ಹಾಡು, ನಡುವೆ ಮಕ್ಕಳ ಸ್ಲೇಟು, ಈ ದಿನಚರಿಯಲ್ಲಿ ಇಬ್ಬರೂ ಒಂದೇ ಕೇರಿಯವರು.

ಸ್ವತಂತ್ರ ಭಾರತ ಇವರಿಬ್ಬರನ್ನು ಬೇರೆ ಮಾಡಿತು. 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಪಟ್ಟಿಯನ್ನು ಹಿಂದೂಗಳಿಗೆ ಕಟ್ಟಿಹಾಕಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು, ಕ್ರೈಸ್ತರಿಗೆ ಇಲ್ಲ. ಸೈನ್ಯದ ಪಟ್ಟಿಯಲ್ಲಿ ಪರಯ ಅಂತ ಬರೆಸಿಕೊಂಡವನ ಮೊಮ್ಮಗ, ಚರ್ಚಿನ ರಿಜಿಸ್ಟರಿನಲ್ಲಿ ಅಜ್ಜನ ಹೆಸರಿದೆ ಎಂಬ ಕಾರಣಕ್ಕೆ ಪರಯನಲ್ಲ. ಮದ್ರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬಾತ ಸರಕಾರದ ಪುಕ್ಕಟೆ ಪೆಟ್ಟಿಗೆ ಅಂಗಡಿ ತನಗೂ ಸಿಗಬೇಕೆಂದು ಸುಪ್ರೀಂ ಕೋರ್ಟಿಗೆ ಹೋದ. 1985ರಲ್ಲಿ ಕೋರ್ಟು ಒಪ್ಪಲಿಲ್ಲ. ಮತ ಬದಲಿಸಿದ ಮೇಲೂ ಕ್ರೈಸ್ತ ಸಮುದಾಯದೊಳಗೆ ಅದೇ ತೀವ್ರತೆಯ ಜಾತಿಯ ಬಾಧೆ ಮುಂದುವರಿದಿದೆ ಎನ್ನುವುದಕ್ಕೆ ಸಾಕಷ್ಟು ಸಾಕ್ಷ್ಯವಿಲ್ಲ ಎಂದಿತು. 1833ರಲ್ಲಿ ವೆಪೇರಿಯ ಸಭೆಯಿಂದ ಎದ್ದು ಹೋದವರು ಯಾರ ಪಕ್ಕ ಕೂರಲಾರದೆ ಎದ್ದು ಹೋದರು ಅಂತ ಆ ಕೋರ್ಟಿನಲ್ಲಿ ಯಾರಾದರೂ ಓದಿ ಹೇಳಬೇಕಿತ್ತು.