ಯಾಯೀರನ ಮನೆಯ ದಾರಿ: ಬೆಂಗಳೂರಿನ ಹೊರವಲಯದಲ್ಲಿ ಮಕ್ಕಳ ಉಪಶಮನ ಆರೈಕೆ

ಮಾರತ್ತಹಳ್ಳಿಯನ್ನು ದಾಟಿ ವೈಟ್‌ಫೀಲ್ಡ್ ಕಡೆಗೆ ಸಾಗುವ ರಸ್ತೆಯ ಬದಿಯಲ್ಲಿ ಕರುಣಾಶ್ರಯವಿದೆ. ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆಯೂ ಇಂದಿರಾನಗರದ ರೋಟರಿ ಕ್ಲಬ್ಬೂ ಸೇರಿ 1994ರಲ್ಲಿ ಹುಟ್ಟುಹಾಕಿದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್, ಮೊದಲು ರೋಗಿಗಳ ಮನೆಗಳಿಗೇ ಹೋಗಿ ಆರೈಕೆ ಮಾಡಿತು. 1999ರಲ್ಲಿ ಈ ಆಲಯವನ್ನು ತೆರೆಯಿತು. ಚಿಕಿತ್ಸೆಯಿಂದ ಇನ್ನು ಪ್ರಯೋಜನವಿಲ್ಲವೆಂದು ವೈದ್ಯರು ಹೇಳಿದ ಕ್ಯಾನ್ಸರ್ ರೋಗಿಗಳನ್ನು ಇಲ್ಲಿ ಉಚಿತವಾಗಿ ನೋಡಿಕೊಳ್ಳುತ್ತಾರೆ. ಇದು ಸಭೆಯು ಕಟ್ಟಿದ ಸಂಸ್ಥೆಯಲ್ಲ. ಆದರೂ ಇದರ ವಂಶಾವಳಿಯನ್ನು ಹಿಂಬಾಲಿಸಿದರೆ ನಾವು ಕ್ರೈಸ್ತ ಶುಶ್ರೂಷೆಯ ಇತಿಹಾಸಕ್ಕೇ ಬಂದು ಸೇರುತ್ತೇವೆ. ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸಂತ ಕ್ರಿಸ್ಟೋಫರ್ ಹಾಸ್ಪೈಸನ್ನು ತೆರೆದದ್ದು ತಮ್ಮ ವಿಶ್ವಾಸದ ಕರೆಗೆ ಓಗೊಟ್ಟು. ನಮ್ಮ ದೇಶದ ಮೊದಲ ಹಾಸ್ಪೈಸಾದ ಮುಂಬಯಿಯ ಶಾಂತಿ ಅವೇದನಾ ಸದನವೂ (1986) ಕ್ರೈಸ್ತರ ಕೈಯಲ್ಲೇ ಬೆಳೆಯಿತು.

ಈ ವಂಶಾವಳಿಯಲ್ಲಿ ಮಕ್ಕಳು ತಡವಾಗಿ ಬಂದರು. ಅಕಾಲದಲ್ಲಿ ಸಾಯುವ ಮಗುವಿಗೆ ಒಂದು ಮನೆ ಬೇಕೆಂಬ ಆಲೋಚನೆಯನ್ನೇ ಸಮಾಜ ಸಹಿಸುತ್ತಿರಲಿಲ್ಲ. ಆಂಗ್ಲಿಕನ್ ಸಂನ್ಯಾಸಿನಿ ಸಿಸ್ಟರ್ ಫ್ರಾನ್ಸಿಸ್ ಡೊಮಿನಿಕ 1982ರಲ್ಲಿ ಆಕ್ಸ್‌ಫರ್ಡಿನಲ್ಲಿ ಹೆಲೆನ್ ಹೌಸನ್ನು ಆರಂಭಿಸಿದರು. ಅದೇ ಲೋಕದ ಮೊದಲ ಮಕ್ಕಳ ಹಾಸ್ಪೈಸ್. ಮೆದುಳಿನ ಗೆಡ್ಡೆಯಿಂದ ನರಳುತ್ತಿದ್ದ ಹೆಲೆನ್ ಎಂಬ ಬಾಲಕಿಯ ತಂದೆತಾಯಿಗಳೊಡನೆ ಬೆಳೆದ ಸ್ನೇಹ ಅದರ ಮೂಲ. ಆಕೆಯನ್ನು ಕೆಲವು ದಿನ ತಾವು ನೋಡಿಕೊಂಡು ಹೆತ್ತವರಿಗೆ ವಿಶ್ರಾಂತಿ ಕೊಡುವುದು, ಬಳಿಕ ಮಗುವನ್ನು ಮನೆಗೆ ಕಳುಹಿಸುವುದು, ಹೀಗೆ ಅದು ಆರಂಭವಾಯಿತು. ಸಾಯುವುದಕ್ಕೊಂದು ಸ್ಥಳವೆಂದು ಯಾರೂ ಅದನ್ನು ಯೋಜಿಸಿರಲಿಲ್ಲ.

ಬೆಂಗಳೂರಿನ ಪೂರ್ವದ ಹೊರವಲಯದಲ್ಲಿ ಮಕ್ಕಳು ಈ ಆರೈಕೆಯ ಒಳಗೆ ಬಂದ ಒಂದು ಬಾಗಿಲು ಎಚ್‌ಐವಿ. ಸರ್ಜಾಪುರ ರಸ್ತೆಯಲ್ಲಿ, ಕಾರ್ಮೆಲರಾಂ ಬಳಿ, ಕಮಿಲಿಯನ್ ಸಂಘದ ಧರ್ಮಗುರುಗಳು 1997ರಲ್ಲಿ ಸ್ನೇಹದಾನವನ್ನು ಸ್ಥಾಪಿಸಿದರು. ಸಂಘದ ಮೂಲಪುರುಷರಾದ ಸಂತ ಕಮಿಲ್ಲಸರು (1550–1614) ಸೈನಿಕರಾಗಿದ್ದವರು. ಕಾಲಿನ ಆರದ ಹುಣ್ಣಿನಿಂದ ಅವರು ರೋಮಿನ 'ವಾಸಿಯಾಗದವರ ಆಸ್ಪತ್ರೆ'ಯನ್ನು ಸೇರಿದ್ದರು. ಸೇವಕರಿಂದ ರೋಗಿಗಳು ಪಡುವ ಅವಗಣನೆಯನ್ನು ಹಾಸಿಗೆಯ ಮೇಲಿಂದಲೇ ಕಂಡಿದ್ದರು. ಪ್ರಾಣಾಪಾಯವಿದ್ದರೂ ರೋಗಿಯನ್ನು ಬಿಡೆನೆಂಬುದು ಈ ಸಂಘದವರ ನಾಲ್ಕನೆಯ ವ್ರತ. ಪ್ಲೇಗಿನ ಕಾಲದಲ್ಲಿ ಹುಟ್ಟಿದ ಆ ವ್ರತಕ್ಕೆ 1997ರ ಬೆಂಗಳೂರಿನಲ್ಲಿ ಹೊಸ ಅರ್ಥ ಬಂತು. ಏಡ್ಸ್ ರೋಗಿಯನ್ನು ಮುಟ್ಟಲು ಆಸ್ಪತ್ರೆಗಳೇ ಹಿಂಜರಿಯುತ್ತಿದ್ದ ದಿನಗಳವು. ಬಂಧುಗಳ ಹೆದರಿಕೆಯನ್ನಂತೂ ಹೇಳಬೇಕಾಗಿಲ್ಲ.

ತಂದೆತಾಯಿಗಳ ಹಿಂದೆಯೇ ಮಕ್ಕಳಲ್ಲಿಯೂ ರೋಗ ಕಾಣಿಸಿತು. ಚಿಕಿತ್ಸೆ ಸಿಗದಿದ್ದರೆ, ಸೋಂಕಿನೊಂದಿಗೆ ಹುಟ್ಟಿದ ಶಿಶುಗಳಲ್ಲಿ ಸುಮಾರು ಅರ್ಧದಷ್ಟು ಎರಡು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತವೆ. ಬದುಕಿ ಉಳಿದವರೂ ಹೆಚ್ಚು ಕಾಲ ಇರಲಾರರೆಂದೇ ಎಲ್ಲರೂ ನಂಬಿದ್ದರು. ಆದರೆ 2004ರ ಏಪ್ರಿಲ್ 1ರಂದು ಕರ್ನಾಟಕವೂ ಸೇರಿ ಹೆಚ್ಚು ಸೋಂಕಿದ್ದ ಆರು ರಾಜ್ಯಗಳಲ್ಲಿ ಮತ್ತು ದೆಹಲಿಯಲ್ಲಿ ಸರಕಾರವು ಎಆರ್‌ಟಿ ಔಷಧವನ್ನು ಉಚಿತವಾಗಿ ಕೊಡತೊಡಗಿತು. 2006ರ ನವೆಂಬರಿನಲ್ಲಿ ಮಕ್ಕಳಿಗೆ ತಕ್ಕ ಪ್ರಮಾಣದ ಔಷಧದ ರಾಷ್ಟ್ರೀಯ ಯೋಜನೆ ಬಂತು. ಅಲ್ಲಿಂದಾಚೆಗೆ ಈ ಚರಿತ್ರೆ ದಿಕ್ಕು ಬದಲಿಸಿತು. ಸಾವಿಗೆ ಸಿದ್ಧಪಡಿಸಬೇಕಾದವರೆಂದು ಎಣಿಸಿದ್ದ ಮಕ್ಕಳು ಬೆಳೆಯತೊಡಗಿದರು. ಅವರಿಗೆ ಶಾಲೆ ಬೇಕಾಯಿತು. 2008ರಲ್ಲಿ ಎಚ್‌ಐವಿ ಪೀಡಿತ ಅನಾಥ ಮಕ್ಕಳಿಗಾಗಿ ತೆರೆದ ಸ್ನೇಹ ಕೇರ್ ಹೋಂ ಈ ತಿರುವಿನ ಫಲ. ದಿನವೂ ತಪ್ಪದೆ ನುಂಗುವ ಈ ಮಾತ್ರೆ ಯಾವ ರೋಗಕ್ಕೆಂದು ಕೇಳುವ ಮಗುವಿಗೆ ಯಾರು, ಯಾವಾಗ, ಯಾವ ಮಾತಿನಲ್ಲಿ ಹೇಳಬೇಕು? ಅಂಥ ಮನೆಗಳ ನಿತ್ಯದ ಕಷ್ಟ ಇದಾಯಿತು. ನನ್ನ ಎಣಿಕೆಯಲ್ಲಿ ಇದು ಔಷಧ ಕೊಡುವುದಕ್ಕಿಂತ ಕಠಿಣವಾದ ಶುಶ್ರೂಷೆ.

ವಿಶ್ವ ಆರೋಗ್ಯ ಸಂಸ್ಥೆಯು 1998ರಲ್ಲಿ ಮಕ್ಕಳ ಉಪಶಮನ ಆರೈಕೆಗೆ ಕೊಟ್ಟ ವಿವರಣೆಯೂ ಇದನ್ನೇ ಸೂಚಿಸುತ್ತದೆ: ರೋಗ ಪತ್ತೆಯಾದ ದಿನವೇ ಆರೈಕೆ ಆರಂಭವಾಗಬೇಕು, ರೋಗಕ್ಕೆ ಮದ್ದು ನಡೆಯುತ್ತಿದ್ದರೂ ಇಲ್ಲದಿದ್ದರೂ ಅದು ಮುಂದುವರಿಯಬೇಕು. ಕಡೆಯ ದಿನಗಳ ಏರ್ಪಾಡೆಂದು ತಿಳಿಯುವುದು ತಪ್ಪು. ಆದರೆ ಪೀಣ್ಯದಲ್ಲಿಯೋ ಬೊಮ್ಮಸಂದ್ರದಲ್ಲಿಯೋ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿರುವ ಕಾರ್ಮಿಕನ ಮಗುವಿಗೆ ರಕ್ತದ ಕ್ಯಾನ್ಸರ್ ಬಂದರೆ ಈ ವಿವರಣೆ ಎಷ್ಟು ದೂರ ನಡೆದೀತು? ಹೊಸೂರು ರಸ್ತೆಯಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆಯಿದೆ; ದೊಡ್ಡ ಆಸ್ಪತ್ರೆಗಳಿಗೆ ಈ ಭಾಗದಲ್ಲಿ ಬರವಿಲ್ಲ. ಆದರೆ ತಾಯಿ ಮಗುವಿನೊಡನೆ ಕೂತರೆ ಆಕೆಯ ಕೂಲಿ ನಿಲ್ಲುತ್ತದೆ. 'ಮನೆಗೆ ಕರೆದುಕೊಂಡು ಹೋಗಿ' ಎಂದು ವೈದ್ಯರು ಹೇಳಿದಾಗ ಮನೆಯೆಂದರೆ ರಾಯಚೂರಿನ ಹಳ್ಳಿಯೋ ಬಿಹಾರವೋ ಆಗಿರುತ್ತದೆ. ಅಲ್ಲಿ ಮಾರ್ಫೀನ್ ಸಿಗುವ ಭರವಸೆಯಿಲ್ಲ. 1985ರ ಮಾದಕದ್ರವ್ಯ ಕಾಯಿದೆಯಿಂದ ನೋವುಂಡವರಿಗೂ ಈ ಔಷಧ ದುರ್ಲಭವಾಯಿತು. 2014ರ ತಿದ್ದುಪಡಿ ನಿಯಮಗಳನ್ನು ಸಡಿಲಿಸಿದರೂ ವೈದ್ಯರ ಅಂಜಿಕೆ ಪೂರ್ತಿ ಹೋಗಿಲ್ಲ. ಮಕ್ಕಳ ತೀವ್ರ ನೋವಿಗೆ ಮಾರ್ಫೀನೇ ತಕ್ಕದ್ದೆಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿಯೇ ಸ್ಪಷ್ಟಪಡಿಸಿತ್ತು.

ಸಭಾಪಾಲಕರ ಹೊಣೆಯೂ ಇಲ್ಲಿದೆ. ಗುಣಪಡಿಸುವ ಪ್ರಾರ್ಥನೆಯನ್ನು ಮಾತ್ರ ಬಲ್ಲ ಸಭೆಯಲ್ಲಿ, ನೋವು ನೀಗಿಸುವ ಆರೈಕೆಗೆ ಒಪ್ಪಿದ ತಂದೆತಾಯಿಗಳು ಅವಿಶ್ವಾಸಿಗಳಂತೆ ಕಾಣುತ್ತಾರೆ. ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯವನ್ನು ನಾವು ಮಗು ಎದ್ದು ನಡೆದಾಡಿದ ಗಳಿಗೆಗಾಗಿಯೇ ಓದುತ್ತೇವೆ. ಮಗು ಸತ್ತಿತು, ಬೋಧಕನಿಗೆ ತೊಂದರೆಯೇಕೆ ಎಂಬ ಸುದ್ದಿ ದಾರಿಯಲ್ಲೇ ಬಂದ ಮೇಲೂ ಯೇಸುಸ್ವಾಮಿ ಯಾಯೀರನ ಜೊತೆ ಅವನ ಮನೆಯತ್ತ ನಡೆದ ದೂರವನ್ನು ಗಮನಿಸುವುದಿಲ್ಲ. ಮಗು ಎದ್ದ ಬಳಿಕ ಆಕೆಗೆ ಊಟ ಕೊಡುವಂತೆ ಅವರು ಹೇಳಿದ್ದನ್ನಂತೂ ಮರೆತೇಬಿಡುತ್ತೇವೆ.

2006ರಲ್ಲಿ ಆರು ವರ್ಷದವರಾಗಿ ಆ ಮಾತ್ರೆಯನ್ನು ನುಂಗತೊಡಗಿದ ಮಕ್ಕಳಿಗೆ ಈಗ ಇಪ್ಪತ್ತೈದು ತುಂಬಿದೆ. ಅವರಲ್ಲಿ ಕೆಲವರು ಇದೇ ವಲಯದ ಕಾರ್ಖಾನೆ, ಕಚೇರಿಗಳಲ್ಲಿ ದುಡಿಯುತ್ತಿದ್ದಾರು; ನಮ್ಮ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರು. ಅವರಲ್ಲೊಬ್ಬರು ಮದುವೆಯ ಪ್ರಕಟಣೆ ಓದಿಸಬೇಕೆಂದು ಸಭಾಪಾಲಕರ ಬಳಿಗೆ ಬಂದಾಗ ಏನು ಕೇಳಬೇಕು, ಯಾವುದನ್ನು ಗುಟ್ಟಾಗಿ ಕಾಯಬೇಕು ಎಂಬುದನ್ನು ನಮ್ಮ ಸೆಮಿನರಿಗಳ ಯಾವ ತರಗತಿಯಲ್ಲಿ ಕಲಿಸುತ್ತೇವೆ?